ನಾನೂರ ಹನ್ನೆರಡನೆಯ ಮನೆ

ನಾನು ಉಬ್ಬಿಸಿ ಹೇಳುವವನಲ್ಲ, ಅದನ್ನು ಮೊದಲೇ ತಿಳಿಸಿಬಿಡುತ್ತೇನೆ. ಹರೆಯದಲ್ಲಿ ನಾನು ಬಾಯಿ ತೆರೆದು ಒಮ್ಮೆ ‘ಒಲ್ಲೆ’ ಎಂದರೆ ಮೂರು ಊರಾಚೆಯ ಕೋಳಿಗಳು ಇಡುತ್ತಿದ್ದ ಮೊಟ್ಟೆಯನ್ನು ಅರ್ಧಕ್ಕೇ ನಿಲ್ಲಿಸಿ ಕತ್ತೆತ್ತಿ ನೋಡುತ್ತಿದ್ದವು. ಮೂರೇ ಊರು. ನಾಲ್ಕನೆಯ ಊರಿನ ಕೋಳಿಗಳಿಗೆ ಏನೂ ಆಗುತ್ತಿರಲಿಲ್ಲ. ನಿಜವನ್ನು ಅಳತೆ ಮೀರಿ ಹಿಗ್ಗಿಸಬಾರದು. ಅಂಥ ದನಿ ಇದ್ದುದರಿಂದಲೇ ಊರಿನವರು ನನ್ನನ್ನು ಒಲ್ಲೆಗಾರನನ್ನಾಗಿ ಮಾಡಿಕೊಂಡಿದ್ದರು. ಹೆಸರು ರಾಚಪ್ಪ. ದೊಡ್ಡವರು ಸಣ್ಣವರೆನ್ನದೆ ಎಲ್ಲರ ಬಾಯಲ್ಲೂ ರಾಚಪ್ಪಕಾಕಾ.

ನಮ್ಮ ಊರಿನಲ್ಲಿ ಯಾರಾದರೂ ತಮಗೆ ಏನು ಬೇಕೆಂದು ಬಾಯಿಬಿಟ್ಟು ಹೇಳಿದರೆ ಆ ಮಾತು ಎದುರಿಗಿದ್ದವರ ಕಿವಿಗೆ ಬೀಳುತ್ತಿರಲಿಲ್ಲ. ಒಲ್ಲದ್ದನ್ನು ಹೇಳಿದರೆ ಮಾತ್ರ ಕೇಳಿಸುತ್ತಿತ್ತು. ಒಲ್ಲದ್ದನ್ನೆಲ್ಲ ಹೇಳಿ ಮುಗಿಸಿದರೆ ಉಳಿದದ್ದು ತಾನಾಗಿ ಬರುತ್ತಿತ್ತು. ಹೋಟೆಲಿನ ಗೋಡೆಗೆ ಹಲಗೆ ಹಾಕಿರುತ್ತಿದ್ದರು. ಗಿರಾಕಿ ಅದನ್ನು ನೋಡಿ ‘ಇಡ್ಲಿ ಒಲ್ಲೆ, ವಡೆ ಒಲ್ಲೆ, ಉಪ್ಪಿಟ್ಟು ಒಲ್ಲೆ, ಶಿರಾ ಒಲ್ಲೆ, ಮಿರ್ಚಿ ಒಲ್ಲೆ’ ಎಂದು ಕೆಳಗಿನ ಸಾಲಿನವರೆಗೆ ಓದಿ ಬಾಯಿ ಮುಚ್ಚಿದರೆ, ಓದದೆ ಬಿಟ್ಟ ಚಹಾ ಎದುರಿಗೆ ಹೊಗೆಯಾಡುತ್ತ ಕೂತಿರುತ್ತಿತ್ತು. ಶಾಲೆಯಲ್ಲಿ ಮಾಸ್ತರರು ಬಾರದವರ ಹೆಸರನ್ನಷ್ಟೇ ಕೂಗುತ್ತಿದ್ದರು. ಯಾರೂ ಓ ಎನ್ನದಿದ್ದರೆ ಹಾಜರಿ ಸರಿಯಾಯಿತೆಂದು ಅರ್ಥ. ಡಾಕ್ಟರರು ‘ಎಲ್ಲೆಲ್ಲಿ ನೋವಿಲ್ಲ?’ ಎಂದು ಕೇಳುತ್ತಿದ್ದರು. ಹಲ್ಲುನೋವಿನವನು ಕಾಲಿನ ಕಿರುಬೆರಳಿನಿಂದ ಶುರುಮಾಡಿ ದವಡೆಗೆ ಬರುವಷ್ಟರಲ್ಲಿ ಅರ್ಧಕ್ಕರ್ಧ ಮಂದಿಗೆ ನೋವೇ ಹೋಗಿರುತ್ತಿತ್ತು. ಆ ಡಾಕ್ಟರರಷ್ಟು ಹೆಸರು ಮಾಡಿದವರು ಇನ್ನೊಬ್ಬರಿಲ್ಲ.

ಆದರೆ ಹಲಗೆ ಮೊದಲು, ಒಲ್ಲೆ ಆಮೇಲೆ. ಇದೊಂದನ್ನು ಮರೆತರೆ ಗತಿಯಿಲ್ಲ. ಒಮ್ಮೆ ಗಾಳಿಗೆ ಹೋಟೆಲಿನ ಹಲಗೆ ಬಿದ್ದುಹೋಗಿತ್ತು. ಅದನ್ನು ಗಮನಿಸದ ಯಾರೋ ದಾರಿಹೋಕ ಒಳಗೆ ಬಂದು ಕೂತು, ‘ಚಹಾ ಒಲ್ಲೆ’ ಎಂದುಬಿಟ್ಟ. ಮುಗಿಯಿತು. ಚಹಾ ಅಲ್ಲದ್ದೆಲ್ಲ ಬರತೊಡಗಿತು. ಮೊದಲು ಇಡ್ಲಿ ಬಂತು, ವಡೆ ಬಂತು, ಅಲ್ಲಿಯವರೆಗೆ ಸರಿ. ಆಮೇಲೆ ಪಕ್ಕದ ಮನೆಯ ಎಮ್ಮೆ ಬಂತು. ಬಂಡಿಗಾಲಿ ಬಂತು, ಬ್ಯಾಂಡ್ ಬಾರಿಸುವವರು ಬಂದರು, ಪಕ್ಕದ ತಾಲ್ಲೂಕಿನ ತಹಶೀಲ್ದಾರರು ಮುಖಕ್ಕೆ ಸಾಬೂನು ಹಚ್ಚಿಕೊಂಡಿದ್ದವರು ಹಾಗೆಯೇ ಬಂದರು. ಒಂದು ಸಣ್ಣ ಗುಡ್ಡ ಹೊರಟಿದೆ ಎಂದು ಸುದ್ದಿ ಬಂತು. ಗುಡ್ಡದ ನೆತ್ತಿಯನ್ನು ನಾನೇ ಕಣ್ಣಾರೆ ನೋಡಿದ್ದೇನೆ, ಬಸ್ ನಿಲ್ದಾಣದವರೆಗೆ ಬಂದಿತ್ತು. ಅಷ್ಟರಲ್ಲಿ ಕಾಡಪ್ಪ ಓಡಿಬಂದು ಹಲಗೆಯನ್ನು ಮತ್ತೆ ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ. ಎಲ್ಲ ನಿಂತವು. ತಹಶೀಲ್ದಾರರು ಒಂದು ವಡೆ ತಿಂದು ಹೊರಟುಹೋದರು.

ಈ ಕಾಡಪ್ಪನದೇ ನಾನು ಹೇಳಹೊರಟ ಕಥೆ. ಊರಿನ ಹಲಗೆಗಳನ್ನೆಲ್ಲ ಬರೆಯುವವನು ಅವನು. ಹೋಟೆಲಿನ ಹಲಗೆ, ಬಟ್ಟೆ ಅಂಗಡಿಯ ಹಲಗೆ, ಮತ್ತೆ ಚಾವಡಿಯ ಗೋಡೆ ತುಂಬ ನಿಂತಿದ್ದ ಊರ ಹಲಗೆ. ಅದರ ಮೇಲೆ ನಮ್ಮೂರಿನ ನಾನೂರ ಹನ್ನೊಂದು ಮನೆಗಳ ಹೆಸರೂ ಅವನ ಕೈಯಕ್ಷರದಲ್ಲೇ ಇದ್ದವು. ಮೂವತ್ತಮೂರು ವರ್ಷ, ಉಗುರುಸಂದಿಯಲ್ಲಿ ಯಾವಾಗಲೂ ಬಣ್ಣ, ನಾಚಿಕೆ ಎಷ್ಟೆಂದರೆ ತನ್ನ ನೆರಳಿನ ಮೇಲೆ ತಾನು ಕಾಲಿಟ್ಟರೂ ಕ್ಷಮಿಸು ಎನ್ನುವಷ್ಟು. ಅವನ ಎದೆಯೊಳಗೆ ತುಳಜವ್ವ ಇದ್ದಳು. ಮೇಲಿನ ಓಣಿಯಲ್ಲಿ ಮುದುಕಿ ಅಜ್ಜಿಯ ಜೊತೆ ಇದ್ದ ತುಳಜವ್ವ ಕೌದಿ ಹೊಲಿಯುತ್ತಿದ್ದಳು. ದರ್ಜಿಗಳು ಅಂಗಿ ಕತ್ತರಿಸಿ ಉಳಿಸಿದ ಚೂರುಗಳನ್ನೆಲ್ಲ ತಂದು ಜೋಡಿಸಿ ಹೊಲಿದರೆ ಅಂಗಿಗಳೇ ನಾಚಬೇಕು. ಅವಳು ತನ್ನ ಅಂಗಡಿಗೊಂದು ಹಲಗೆ ಬರೆಸಲು ಕಾಡಪ್ಪನ ಬಳಿ ಬಂದಿದ್ದಳು. ಅವನ ಬಣ್ಣದ ಪಟ್ಟಿಯಲ್ಲಿ ನಲವತ್ತು ಬಣ್ಣ. ಬೇರೆಯವರಾಗಿದ್ದರೆ ನಿಂತ ಕಾಲಲ್ಲಿ ಮೂವತ್ತೊಂಬತ್ತನ್ನು ಒಲ್ಲೆ ಎಂದು ಹೋಗುತ್ತಿದ್ದರು. ತುಳಜವ್ವ ದಿನಕ್ಕೊಂದೇ ಒಲ್ಲೆ ಅಂದಳು. ಇವತ್ತು ಬಂದು ‘ಕೆಂಪ ಒಲ್ಲೆ’ ಎಂದು ಹೋಗುವಳು, ನಾಳೆ ಬಂದು ‘ಹಳದಿ ಒಲ್ಲೆ’. ಹೀಗೆ ಮೂವತ್ತೊಂಬತ್ತು ದಿನ. ನಲವತ್ತನೆಯ ದಿನ ನವಿಲುಬಣ್ಣವೊಂದೇ ಉಳಿದಿತ್ತು. ಹೇಳುವುದೇನೂ ಇರಲಿಲ್ಲ, ಆದರೂ ಬಂದಳು, ಸುಮ್ಮನೆ ನಿಂತು ಹೋದಳು. ಆ ದಿನದಿಂದ ಕಾಡಪ್ಪನ ಊಟ ಅರ್ಧವಾಯಿತು.

ಮದುವೆಗೂ ನಮ್ಮಲ್ಲಿ ದಾರಿ ಅದೇ. ಹುಡುಗ ಬೆಳಗಾಗುತ್ತಲೇ ಸುಣ್ಣದ ಮಡಕೆ ಹಿಡಿದು ಹೊರಟು, ಊರ ಹಲಗೆಯ ಮೇಲಿನ ಒಂದೊಂದು ಮನೆಯ ಮುಂದೂ ನಿಂತು ‘ಈ ಮನಿ ಒಲ್ಲೆ’ ಎಂದು ಬಾಗಿಲ ಚೌಕಟ್ಟಿಗೆ ಸುಣ್ಣದ ಬೊಟ್ಟು ಇಡುತ್ತ ಹೋಗಬೇಕು. ಅವನ ದನಿ ಸಾಲದಿದ್ದರೆ ಒಲ್ಲೆಗಾರನಾಗಿ ನಾನಿದ್ದೆ. ಹೊತ್ತು ಮುಳುಗುವಾಗ ಬೊಟ್ಟಿಲ್ಲದ ಮನೆ ಒಂದೇ ಒಂದು ಉಳಿದಿರಬೇಕು. ಆ ಮನೆಯ ಹುಡುಗಿಗೆ ಒಪ್ಪಿಗೆಯಾದರೆ ಹೊಸ್ತಿಲಿಗೆ ದೀಪ ಇಡುತ್ತಾಳೆ. ಇಲ್ಲದಿದ್ದರೆ ತಾನೇ ಒಂದು ಬೊಟ್ಟು ಇಟ್ಟುಕೊಳ್ಳುತ್ತಾಳೆ. ಇಟ್ಟ ಬೊಟ್ಟನ್ನು ಅಳಿಸುವಂತಿಲ್ಲ. ಒಂದು ಮನೆಯೂ ಉಳಿಯದೆ ಹೋದರೆ ಆ ಹುಡುಗ ಲೋಕವನ್ನೇ ಒಲ್ಲೆ ಎಂದಂತೆ. ಗುಡ್ಡದ ಮೇಲಿನ ಮಠದವರು ಕ್ಷೌರಿಕನನ್ನು ಕರೆದುಕೊಂಡು ಇಳಿದು ಬಂದು, ಹೊತ್ತು ಮುಳುಗುವುದರೊಳಗೆ ತಲೆ ಬೋಳಿಸಿ, ಮುಳುಗುತ್ತಲೇ ಕಾವಿ ಹೊದಿಸಿ ಕರೆದೊಯ್ಯುತ್ತಿದ್ದರು. ಮತ್ತೆ ಇಳಿದು ಬರುವ ಮಾತಿಲ್ಲ.

ಕಾಡಪ್ಪ ಆ ಬೆಳಗ್ಗೆ ಮಡಕೆ ಹಿಡಿದು ನನ್ನ ಮನೆಗೆ ಬಂದಾಗ ನನಗೆ ಎಷ್ಟು ಖುಷಿಯಾಯಿತೆಂದರೆ ಹಾಸಿಗೆಯಿಂದ ಎದ್ದವನು ನೆಲಕ್ಕೆ ಕಾಲಿಟ್ಟದ್ದು ಬೀದಿಯಲ್ಲೇ. ಯಾವ ಮನೆಯನ್ನು ಬಿಡುತ್ತಾನೆಂದು ನಾನು ಕೇಳಲಿಲ್ಲ. ಕೇಳಿದರೂ ಅವನು ಹೇಳುವಂತಿರಲಿಲ್ಲ, ಹೇಳಿದರೂ ನನಗೆ ಕೇಳಿಸುವಂತಿರಲಿಲ್ಲ. ಕೆಳಗಿನ ಓಣಿಯಿಂದ ಹೊರಟೆವು. ಅವನು ಮುಂದೆ, ನಾನು ಹಿಂದೆ. ಅವನು ಬಾಗಿಲಲ್ಲಿ ನಿಂತು ಸೊಳ್ಳೆಯಂತೆ ‘ಒಲ್ಲೆ’ ಅನ್ನುವುದು, ನಾನು ಅದನ್ನೇ ಎತ್ತಿಕೊಂಡು ಗುಡುಗಿಸುವುದು. ಬೊಟ್ಟು ಬಿದ್ದ ಮನೆಯವರಿಗೆ ಬೇಸರವೇನೂ ಇಲ್ಲ. ‘ಆತ ಬಿಡಪಾ, ನಿನಗ ಚಲೋ ಆಗಲಿ’ ಎಂದು ಬೆಲ್ಲದ ಉಂಡೆ ಬಾಯಿಗಿಡುವುದು ರೂಢಿ. ತಿನ್ನದಿದ್ದರೆ ಮಾತ್ರ ಬೇಸರ.

ಮಧ್ಯಾಹ್ನದ ಹೊತ್ತಿಗೆ ನೂರ ತೊಂಬತ್ತು ಮನೆಯಾಗಿತ್ತು. ಕಾಡಪ್ಪ ನೂರ ತೊಂಬತ್ತು ಉಂಡೆ ಬೆಲ್ಲ ತಿಂದಿದ್ದ. ಇರುವೆಗಳು ಅವನ ಹಿಂದೆ ಸಾಲುಗಟ್ಟಿ ಬರುತ್ತಿದ್ದವು, ಮೆರವಣಿಗೆಯೇ ಸರಿ. ಬೇವಿನ ಮರದ ಕೆಳಗೆ ಕುಸಿದು ಕುಳಿತ.

“ಕಾಕಾ, ಇನ್ನೊಂದ ಚೂರ ಬೆಲ್ಲ ಹೊಟ್ಟಿಗಿ ಹ್ವಾದ್ರ ನಾ ಪಾಕ ಆಗಿ ಹರದ ಹೋಗ್ತೀನಿ.”

“ಹೊತ್ತ ಎಲ್ಲೈತಿ ನೋಡು. ಹಿಂಗ ಕುಂತ್ರ ಇವತ್ತ ಮುಗಿಯೂದಿಲ್ಲ. ಒಂದ ಕೆಲಸ ಮಾಡೂಣು. ಮಡಿಕ್ಯಾಗಿನ ಸುಣ್ಣ ಇಬ್ಬರೂ ಹಂಚಿಕೊಳ್ಳೂಣು. ನೀ ಮ್ಯಾಲಿನ ಓಣಿ ಕಡೆಯಿಂದ ನಿನಗಾದಷ್ಟ ಮಾಡ್ಕೋತ ಬಾ. ನೀ ಎಲ್ಲೆಲ್ಲಿ ಹೋಗಿರಂಗಿಲ್ಲೋ ಅಲ್ಲೆಲ್ಲಾ ನಾ ಹೋಗ್ತೀನಿ. ಬೊಟ್ಟಿಲ್ಲದ ಮನಿ ಕಂಡ್ರ ಸಾಕು, ನಾ ಬಿಡಂಗಿಲ್ಲ. ಆತಿಲ್ಲೋ?”

ಅವನ ಬಾಯಲ್ಲಿ ನೂರ ತೊಂಬತ್ತನೆಯ ಉಂಡೆ ಇನ್ನೂ ಕರಗಿರಲಿಲ್ಲ. ತಲೆಯಾಡಿಸಿದ. ನಾನೂ ಆಡಿಸಿದೆ. ಮರದ ಮೇಲಿದ್ದ ಗಿಳಿಗಳೂ ಆಡಿಸಿದವು ಎಂದು ನನ್ನ ನೆನಪು. ಅಷ್ಟು ತಲೆಗಳ ಪೈಕಿ ಒಂದರಲ್ಲಾದರೂ ಬುದ್ಧಿ ಇರಬೇಕಿತ್ತು.

ಕಾಡಪ್ಪ ಮೇಲಿನ ಓಣಿಗೆ ಹೋದ. ಅಲ್ಲಿ ಅರವತ್ತು ಮನೆಗಳಿಗೆ ಬೊಟ್ಟು ಇಟ್ಟ. ತುಳಜವ್ವನ ಮನೆಯ ಮುಂದೆ ಬಂದಾಗ ಮಾತ್ರ ಬಗ್ಗಿ ಚಪ್ಪಲಿಯ ಉಂಗುಟ ಸರಿಮಾಡಿಕೊಳ್ಳುವವನಂತೆ ಒಂದು ಗಳಿಗೆ ಕೂತ. ಒಳಗೆ ಸೂಜಿಯ ಸದ್ದು ನಿಂತಿತು. ಸೂಜಿಗೆ ಸದ್ದಿದೆಯೇ ಎಂದು ನೀವು ಕೇಳಬಹುದು, ಅವನಿಗೆ ಇತ್ತು. ಎದ್ದು, ಬೊಟ್ಟು ಇಡದೆ ಮುಂದಿನ ಮನೆಗೆ ಹೋದ. ಅಲ್ಲಿಂದ ಅವನ ಕಾಲು ನೆಲಕ್ಕೆ ತಾಗಲಿಲ್ಲ. ತನ್ನ ಪಾಲಿನದು ಮುಗಿಸಿ ಚಾವಡಿಗೆ ಬಂದು ಊರ ಹಲಗೆಯ ಕೆಳಗೆ ಕೂತು, ಕೈಬೆರಳಿನ ಬಣ್ಣ ಕೆರೆಯುತ್ತ, ಹಲಗೆಯ ಮೇಲೆ ತಾನೇ ಬರೆದ ಒಂದು ಹೆಸರನ್ನು ಯಾರೂ ನೋಡದಾಗ ನೋಡುತ್ತ, ಒಬ್ಬನೇ ನಗುತ್ತಿದ್ದ.

ಇತ್ತ ನಾನು. ಆಹಾ, ಆ ದಿನದ ನನ್ನ ಓಟವನ್ನು ನೀವು ನೋಡಬೇಕಿತ್ತು. ಒಂದು ಬಾಗಿಲಲ್ಲಿ ಕೂಗಿದ ‘ಒಲ್ಲೆ’ ಇನ್ನೂ ಗಾಳಿಯಲ್ಲಿರುವಾಗಲೇ ಮೂರನೆಯ ಬಾಗಿಲಿಗೆ ಬೊಟ್ಟು ಬಿದ್ದಿರುತ್ತಿತ್ತು. ನೂರ ಅರವತ್ತು ಮನೆ ಮುಗಿಸಿ, ಹೊತ್ತು ಮುಳುಗಲು ಇನ್ನೂ ಎರಡು ಮಾರು ಇರುವಾಗ, ಎಲ್ಲಾದರೂ ತಪ್ಪಿಹೋಗಿದೆಯೋ ಎಂದು ಮೇಲಿನ ಓಣಿಯಲ್ಲಿ ಕಣ್ಣಾಡಿಸುತ್ತ ಬಂದೆ. ಬೊಟ್ಟು, ಬೊಟ್ಟು, ಬೊಟ್ಟು. ಅಲ್ಲೊಂದು ಚೌಕಟ್ಟು ಬೋಳಾಗಿತ್ತು. ‘ಪಾಪ, ಬೆಲ್ಲದ ಅಮಲಿನಾಗ ಹುಡುಗ ಇದೊಂದ ಮರತಾನ’ ಎಂದುಕೊಂಡು ಎದೆ ತುಂಬ ಗಾಳಿ ತೆಗೆದುಕೊಂಡು, ನನ್ನ ಜೀವಮಾನದ ಅತಿ ದೊಡ್ಡ ‘ಒಲ್ಲೆ’ಯನ್ನು ಆ ಬಾಗಿಲಿಗೆ ಹೊಡೆದೆ. ಹೆಂಚುಗಳು ಜಾಗ ಬದಲಿಸಿ ಕೂತವು. ಬೊಟ್ಟನ್ನೂ ಎರಡು ಬೆರಳಿನಿಂದ ಇಟ್ಟೆ.

ಬಾಗಿಲಲ್ಲಿ ಕೂತಿದ್ದ ಅಜ್ಜಿ, ನೂರಾ ಆರು ವರ್ಷದ ಗುರವ್ವಾಯಿ, ಮೆಲ್ಲಗೆ ಎದ್ದಳು. “ಬೆಲ್ಲಾ ತರ್ತೀನಿ, ನಿಂದರು,” ಎಂದು ಒಳಗೆ ಹೊರಟಳು. ಗುರವ್ವಾಯಿ ಬೆಲ್ಲ ತರುವಷ್ಟರಲ್ಲಿ ಕಬ್ಬು ನೆಟ್ಟು ಬೆಳೆಸಿ ಗಾಣಕ್ಕೆ ಒಯ್ಯಬಹುದು ಎಂದು ಊರಲ್ಲಿ ಆಡಿಕೊಳ್ಳುತ್ತಿದ್ದರು. ಅವಳ ಹಿಂದಿನಿಂದ ತುಳಜವ್ವ ಹೊರಗೆ ಬಂದಳು. ಚೌಕಟ್ಟು ನೋಡಿದಳು, ನನ್ನ ಬೆರಳು ನೋಡಿದಳು.

“ಕಾಕಾ, ಊರ ಹಲಗಿ ಮ್ಯಾಲ ಎಷ್ಟ ಮನಿ ಅದಾವು?”

“ನಾನೂರ ಹನ್ನೊಂದವ್ವಾ.”

“ಒಲ್ಲೆ ಅಂದದ್ದ ಎಷ್ಟಕ್ಕ?”

“ಅವ ಎರಡನೂರ ಐವತ್ತು, ನಾ ನೂರ ಅರವತ್ತೊಂದು. ನಾನೂರ ಹನ್ನೊಂದಕ್ಕೂ ಅಂದೀವಿ. ಈ ಊರು ಹುಟ್ಟಿದಾಗಿಂದ ಯಾವ ಒಲ್ಲೆಗಾರನೂ ಇಷ್ಟ ಚೊಕ್ಕ ಕೆಲಸ ಮಾಡಿಲ್ಲ.”

“ಹಂಗಾರ ಉಳದದ್ದ ಯಾವುದು?”

ನಾನು ನಗುತ್ತಲೇ ಬೆರಳೆತ್ತಿದೆ, ಉಳಿದದ್ದನ್ನು ತೋರಿಸಲು. ಬೆರಳು ಅತ್ತ ತಿರುಗಿತು, ಇತ್ತ ತಿರುಗಿತು, ಎಲ್ಲೂ ನಿಲ್ಲಲಿಲ್ಲ. ಅವನು ಹೋಗದ ಮನೆಗೆಲ್ಲ ನಾನು ಹೋಗುತ್ತೇನೆಂದಿದ್ದೆ. ಅವನು ಹೋಗಬಾರದೆಂದೇ ಬಿಟ್ಟ ಮನೆಗೂ ಹೋಗಿದ್ದೆ. ನನ್ನ ಎದೆಯೊಳಗಿನ ಗಾಳಿ ಸೈಕಲ್ ಟ್ಯೂಬಿನಂತೆ ಸುಯ್ಯೆಂದು ಹೋಯಿತು. ತುಳಜವ್ವ ಬೈಯಲಿಲ್ಲ, ಬೈದಿದ್ದರೆ ಸುಖವಾಗಿತ್ತು. “ಹೋಗ್ರಿ ಕಾಕಾ, ಚಾವಡಿಯಾಗ ಅವರ ತಲಿ ಬೋಳಾಗದಂಗ ಒಂದಿಷ್ಟ ಹೊತ್ತ ಹಿಡಕೊಂಡ ಕುಂದರ್ರಿ,” ಎಂದವಳೇ ಒಳಗೆ ಹೋಗಿ ಬಿದಿರು ಗಳ ಎಳೆಯತೊಡಗಿದಳು.

ಚಾವಡಿಗೆ ನಾನು ಎಷ್ಟು ಜೋರಾಗಿ ಓಡಿದೆನೆಂದರೆ ನನ್ನ ನೆರಳು ಮಾರನೆಯ ದಿನ ಬಂದು ಸೇರಿತು. ಆದರೂ ಮಠದವರು ಮುಂಚೆಯೇ ಬಂದಿದ್ದರು. ಅವರಿಗೆ ಗುಡ್ಡದ ಮೇಲೆ ನನ್ನ ಕೊನೆಯ ‘ಒಲ್ಲೆ’ ಕೇಳಿಸಿತ್ತಂತೆ. ಒಬ್ಬರು ಕಾವಿ ಬಟ್ಟೆ ಬಿಡಿಸುತ್ತಿದ್ದರು, ಕ್ಷೌರಿಕ ಕತ್ತಿ ಮಸೆಯುತ್ತಿದ್ದ. ಹಲಗೆ ಕಾಯುವ ದೇಸಾಯರು ಕಾಡಪ್ಪನ ಮುಂದೆ ಕೂತಿದ್ದರು. ಕಾಡಪ್ಪ ನನ್ನನ್ನು ನೋಡಿದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ, ಮೂವತ್ತೊಂಬತ್ತು ಬಣ್ಣಗಳು ಒಂದೊಂದಾಗಿ ಆರುತ್ತಿದ್ದವು. “ಕಾಕಾ, ಆ ಮನಿಗೂ ಹೋಗಿದ್ರೇನು?” ಎಂದಷ್ಟೇ ಕೇಳಿದ.

“ಹೋಗಿದ್ದೆನಪಾ. ಆದ್ರ ಅಂಜಬ್ಯಾಡ, ಒಲ್ಲೆ ಅಂದದ್ದನ್ನ ಒಲ್ಲೆ ಅಂದ್ರ ಮುಗೀತಲ್ಲ. ದೇಸಾಯರ, ಕೇಳ್ರಿ, ಇವತ್ತ ಒಲ್ಲೆ ಅಂದದ್ದೆಲ್ಲಾ...”

ದೇಸಾಯರು ಹಾರಿ ಬಂದು ನನ್ನ ಬಾಯಿ ಮುಚ್ಚಿದರು. “ರಾಚಪ್ಪಾ, ನಿನಗ ಬುದ್ಧಿ ಐತೇನು? ಒಂದೂ ಉಳಿದಿಲ್ಲ ಈಗ. ಅದನ್ನೂ ಒಲ್ಲೆ ಅಂದ್ರ ನಾನೂರ ಹನ್ನೊಂದೂ ತಿರುಗಿ ಬರ್ತಾವು. ಎಲ್ಲಾರನೂ ಮದುವಿ ಆಗ್ತಾನೇನು? ನಮ್ಮ ಮನಿನೂ ಅದರಾಗ ಐತಿ, ಮನಿಯಾಗ ನಾನೂ ನಮ್ಮ ಎಮ್ಮಿನೂ ಇಬ್ಬರ ಇದೀವಿ.” ಸುತ್ತ ನೆರೆದವರಲ್ಲಿ ಮೂರ್ನಾಲ್ಕು ಮುದುಕಿಯರು ಮಾತ್ರ ‘ಅನ್ನಲಿ ಬಿಡ್ರಿ, ಪಾಪ’ ಎಂದರು.

ಕ್ಷೌರಿಕ ಕತ್ತಿಯ ಅಲಗನ್ನು ಹೆಬ್ಬೆರಳಿಗೆ ತಾಗಿಸಿ ನೋಡಿ ಕಾಡಪ್ಪನ ತಲೆ ಹಿಡಿದ. ಅವನೂ ನಮ್ಮ ಕಡೆಯ ರೂಢಿಯವನೇ. “ಯಾವ ಕೂದ್ಲ ಒಲ್ಲಿ ಹೇಳಪಾ?” ಎಂದ. ತುಳಜವ್ವ ಹೇಳಿದ್ದು ನನಗೆ ನೆನಪಾಯಿತು. “ಒಂದೊಂದಾ ಹೇಳೋ, ಒಂದೊಂದಾ,” ಎಂದು ಕಾಡಪ್ಪನ ಕಿವಿಯಲ್ಲಿ ಉಸುರಿದೆ. ಅವನು ಹಣೆಯ ಬಲಗಡೆಯ ಒಂದು ಕೂದಲು ಹಿಡಿದು, “ಇದ ಒಲ್ಲೆ,” ಎಂದ. ಕ್ಷೌರಿಕ ಅದನ್ನು ತೆಗೆದ. “ಇದ... ಅಲ್ಲ, ಇದರ ಮಗ್ಗಲಿಂದು.” ಮಠದವರು ಬೆವರು ಒರೆಸಿಕೊಂಡರು. ಹದಿನೇಳು ಕೂದಲು ಹೋಗುವಷ್ಟರಲ್ಲಿ ಮೇಲಿನ ಓಣಿಯ ಕಡೆಯಿಂದ ಹೊಗೆ ಎದ್ದಿತು.

ಕಾಡಪ್ಪನನ್ನೂ ಎಳೆದುಕೊಂಡು ಎಲ್ಲರೂ ಅತ್ತ ಓಡಿ ನೋಡುತ್ತೇವೆ, ತುಳಜವ್ವ ತನ್ನ ಮನೆಯ ಎದುರಿನ ಖಾಲಿ ಜಾಗದಲ್ಲಿ ನಾಲ್ಕು ಗಳ ನೆಟ್ಟಿದ್ದಾಳೆ. ಮೂರು ಕಡೆ ಕೌದಿ, ಮೇಲೊಂದು ಕೌದಿ. ಒಳಗೆ ಮೂರು ಕಲ್ಲಿನ ಒಲೆ ಹೊಗೆಯಾಡುತ್ತಿದೆ. ಒಂದು ಟ್ರಂಕು, ಒಂದು ಹಾಸಿಗೆ. ಹೊಸ್ತಿಲಿರಲಿಲ್ಲ. ಅಂಗಡಿಯ ಮೇಲಿದ್ದ ನವಿಲುಬಣ್ಣದ ಹಲಗೆಯನ್ನು ಕಿತ್ತು ತಂದು ಹೊಸ್ತಿಲಾಗಿ ನೆಲಕ್ಕೆ ಹಾಸಿದಳು.

“ದೇಸಾಯರ, ಹೊಸ್ತಿಲಾ ಐತಿ, ಒಲಿ ಐತಿ, ಹಾಸಿಗಿ ಐತಿ. ಇದು ಮನಿ ಅಲ್ಲಂತೀರೇನು?”

ದೇಸಾಯರು ಸುತ್ತ ತಿರುಗಿ ನೋಡಿದರು. ಕೌದಿಯನ್ನು ಮುಟ್ಟಿ ನೋಡಿದರು, ಹೊಲಿಗೆ ಚೆನ್ನಾಗಿತ್ತು. “ಅಲ್ಲಂತ ನಾ ಅನ್ನೂದಿಲ್ಲವ್ವಾ. ಆದ್ರ ಹಲಗಿ ಮ್ಯಾಲ ಏರದ ಮನಿ ಊರ ಮನಿ ಅಲ್ಲ. ಹೊತ್ತ ಮುಳುಗೂದಕ್ಕ ಒಂದ ಗೇಣ ಉಳದೈತಿ.”

ಹಲಗೆ ಚಾವಡಿಯಲ್ಲಿತ್ತು. ಅದನ್ನು ಗೋಡೆಯಿಂದ ಕಳಚಲು ನಲವತ್ತು ಜನ ಹಿಡಿದರೆಂದು ಊರಿನವರು ಹೇಳುತ್ತಾರೆ. ಆ ನಲವತ್ತು ಜನ ಹಿಡಿದದ್ದು ನನ್ನ ತಲೆಯ ಮೇಲಿನ ಟವೆಲ್ಲನ್ನು ಮಾತ್ರ. ಹಲಗೆಯನ್ನು ನಾನೊಬ್ಬನೇ ಹೊತ್ತು ತಂದೆ. ತಂದು ನಿಲ್ಲಿಸಿದೆ. ಹದಿನೇಳು ಕೂದಲು ಕಳೆದುಕೊಂಡಿದ್ದ ಕಾಡಪ್ಪ ಕುಂಚ ಹಿಡಿದ. ಕುಂಚ ಬಣ್ಣದ ಡಬ್ಬಿಗಳ ಮೇಲೆಲ್ಲ ಸುತ್ತಿತು, ಯಾವುದರೊಳಗೂ ಇಳಿಯಲಿಲ್ಲ. ನೂರಾರು ಹಲಗೆ ಬರೆದವನಿಗೆ ಒಂದು ಸಾಲು ಬರೆಯಲು ಬರುತ್ತಿರಲಿಲ್ಲ. ಹೊತ್ತು ಬೆಟ್ಟದ ಅಂಚಿಗೆ ತಾಗಿತು. ನಾನು ಸೂರ್ಯನ ಕಡೆ ತಿರುಗಿ, “ಈಗ ಮುಳುಗೂದು ಒಲ್ಲೆ,” ಎಂದೆ. ಸೂರ್ಯ ಎರಡು ರೆಪ್ಪೆ ಬಡಿಯುವಷ್ಟು ಹೊತ್ತು ನಿಂತ. ಅಲ್ಲಗಳೆಯುವವರು ಆ ದಿನ ಊರಲ್ಲಿ ಇರಲಿಲ್ಲ.

“ಬಣ್ಣ ಯಾವುದು?” ಎಂದು ಕಾಡಪ್ಪ ಹಲಗೆಗೆ ಮುಖ ಇಟ್ಟುಕೊಂಡೇ ಕೇಳಿದ.

“ಮೂವತ್ತೊಂಬತ್ತ ಆಗಲೇ ಹೇಳೀನಿ,” ಎಂದಳು ತುಳಜವ್ವ.

ಕುಂಚ ಡಬ್ಬಿಗೆ ಇಳಿಯಿತು. ನವಿಲುಬಣ್ಣದಲ್ಲಿ ಬರೆದ: ‘ತುಳಜವ್ವನ ಮನೆ.’ ನಾನೂರ ಹನ್ನೆರಡು. ಬೊಟ್ಟಿಲ್ಲದ ಮನೆ ಒಂದೇ ಒಂದು. ಮಠದವರು ಕಾವಿಯನ್ನು ಮಡಚತೊಡಗಿದರು. ಜನ ಹೋ ಎಂದರು.

ಆಗ ಏನಾಯಿತೆಂದರೆ, ನನ್ನ ಕಾಲು ನಡೆಯತೊಡಗಿತು. ನಾನು ನಡೆಸಿದ್ದಲ್ಲ. ಮಾತು ಕೊಟ್ಟಿದ್ದೆನಲ್ಲ, ನೀ ಹೋಗದ ಮನೆಗೆಲ್ಲ ನಾ ಹೋಗುತ್ತೇನೆ, ಬೊಟ್ಟಿಲ್ಲದ ಮನೆ ಕಂಡರೆ ಬಿಡುವುದಿಲ್ಲ ಎಂದು. ನಮ್ಮೂರಲ್ಲಿ ಆಡಿದ ಮಾತು ಕಾಲಿಗೆ ಇಳಿದರೆ ಹಿಂದೆ ಬರುವುದಿಲ್ಲ. ಬೆರಳು ಸುಣ್ಣದ ಮಡಕೆಗೆ ಹೋಯಿತು. ಎದೆ ಗಾಳಿ ತುಂಬಿಕೊಂಡಿತು. ಬಾಯಿ ತೆರೆಯಿತು. ಕಾಡಪ್ಪ ಕುಂಚ ಬಿಸಾಕಿ ನನ್ನ ಸೊಂಟ ಹಿಡಿದ. ದೇಸಾಯರು ಅವನ ಸೊಂಟ ಹಿಡಿದರು. ಮಠದವರು ದೇಸಾಯರನ್ನು ಹಿಡಿದರು, ಕ್ಷೌರಿಕ ಮಠದವರನ್ನು ಹಿಡಿದ. ಎಲ್ಲರನ್ನೂ ಎಳೆದುಕೊಂಡು ನಾನು ಹೊಸ್ತಿಲ ಮುಂದೆ ಬಂದು ನಿಂತೆ. ‘ಒ...’ ಎನ್ನುವುದು ಗಂಟಲವರೆಗೆ ಬಂದಿತ್ತು. ಅದರ ಅರ್ಧ ಹೊರಗೇ ಬಂದಿತ್ತು, ಪೂರ್ವದ ಕಡೆಯ ಒಂದು ಕೌದಿ ಹಾರಿಹೋದದ್ದು ಅದರಿಂದಲೇ.

ಅಷ್ಟರಲ್ಲಿ ಹಳೆಯ ಮನೆಯ ಬಾಗಿಲಿನಿಂದ ಗುರವ್ವಾಯಿ ಹೊರಗೆ ಬಂದಳು. ನಡೆದದ್ದು ಒಂದೂ ಅವಳಿಗೆ ಗೊತ್ತಿಲ್ಲ. ಒಲ್ಲೆ ಅಂದವನಿಗೆ ಬೆಲ್ಲ ಕೊಡುವುದು ಬಾಕಿ ಇತ್ತು, ಅಷ್ಟೇ. ತೆಂಗಿನಕಾಯಿಯಷ್ಟು ದೊಡ್ಡ ಉಂಡೆ. “ನಿಂದರು ಅಂದ್ರ ನಿಂದರೂದಿಲ್ಲ, ಎಲ್ಲೆಲ್ಲಿ ಹುಡುಕೂದು ನಿನ್ನ,” ಎಂದು ತೆರೆದ ನನ್ನ ಬಾಯಿಗೆ ಅದನ್ನು ತುರುಕಿ ಅಂಗೈಯಿಂದ ಒತ್ತಿದಳು.

ದವಡೆ ಅಂಟಿಕೊಂಡಿತು. ಅತ್ತ ಸೂರ್ಯ ಕೈಬಿಟ್ಟವನಂತೆ ಜಾರಿ ಇಳಿದ. ತುಳಜವ್ವ ನವಿಲುಬಣ್ಣದ ಹೊಸ್ತಿಲ ಮೇಲೆ ದೀಪ ಇಟ್ಟಳು. ಕಾಡಪ್ಪ ನನ್ನ ಸೊಂಟ ಬಿಟ್ಟ, ಬಿಟ್ಟದ್ದಕ್ಕೆ ದೇಸಾಯರು, ಮಠದವರು, ಕ್ಷೌರಿಕ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದರು. ಅವನು ಯಾರನ್ನೂ ಎಬ್ಬಿಸಲಿಲ್ಲ. ದೀಪದ ಈಚೆ ಹೋಗಿ, ಹದಿನೇಳು ಕೂದಲು ಹೋದ ಹಣೆಯನ್ನು ಕೈಯಿಂದ ಮುಚ್ಚಿಕೊಂಡು ನಿಂತ. ತುಳಜವ್ವ ಅವನ ಕೈಯನ್ನು ಹಣೆಯಿಂದ ಇಳಿಸಿದಳು. ಗುರವ್ವಾಯಿಗೆ ಯಾರೋ ಕಿವಿಯಲ್ಲಿ ಎಲ್ಲ ಹೇಳಿದರು. ಹಳೆಯ ಮನೆಯಲ್ಲೀಗ ಅವಳೊಬ್ಬಳೇ. “ಅಂದ್ರ, ಆ ಹುಡುಗ ಒಲ್ಲೆ ಅಂದದ್ದು ನನ್ನೇನು?” ಎಂದು ಅವಳು ಒಂದು ವಾರ ಅವನ ಜೊತೆ ಮಾತು ಬಿಟ್ಟಿದ್ದಳು.

ಆ ಬೆಲ್ಲ ಕರಗಲು ನನಗೆ ಹದಿನೆಂಟು ದಿನ ಹಿಡಿಯಿತು. ಅವರ ಮದುವೆಯಲ್ಲಿ ನಾನು ಮೂಗಿನಿಂದ ಹಾರೈಸಿದೆ. ಕೌದಿಯ ಗೋಡೆಗಳ ಜಾಗದಲ್ಲಿ ಈಗ ಕಲ್ಲಿನ ಗೋಡೆಗಳು ಬಂದಿವೆ, ಹೊಸ್ತಿಲು ಅದೇ ಇದೆ. ಲೆಕ್ಕ ಹಾಕಿದರೆ ನಾನು ನಲವತ್ತು ಸಾವಿರ ಬಾಗಿಲುಗಳಿಗೆ ಒಲ್ಲೆ ಎಂದವನು, ಆದರೆ ಕೊಟ್ಟ ಮಾತು ಇನ್ನೂ ತೀರಿಲ್ಲ. ಆ ಮನೆಯ ಚೌಕಟ್ಟು ಕಂಡರೆ ಇವತ್ತಿಗೂ ನನ್ನ ಎದೆ ಗಾಳಿ ತುಂಬಿಕೊಳ್ಳುತ್ತದೆ, ಬಾಯಿ ತಾನಾಗಿ ತೆರೆಯುತ್ತದೆ. ಹಬ್ಬಕ್ಕೆ ಊಟಕ್ಕೆ ಕರೆದಾಗ ತುಳಜವ್ವ ಓಣಿಯ ತಿರುವಿನಲ್ಲೇ ಕಾಯುತ್ತಿರುತ್ತಾಳೆ, ಕೈಯಲ್ಲಿ ಒಂದು ಉಂಡೆ ಬೆಲ್ಲ ಹಿಡಿದು.